ಮೂರನೇ ನಂಬರಿನ ಕತ್ತು

"ಆ ಮೂರನೇ ನಂಬರಿನವನ ಕತ್ತು ಒಂದೇ ಒಂದು ಸಲ ನನ್ನ ಕೈಗೆ ಸಿಗಲಿ, ಆಮೇಲೆ ಹೇಳ್ತೀನಿ."

ಹಾಗೆ ಹೇಳುವಾಗ ಅವಳ ರೇಜರ್ ಒಬ್ಬ ಗಿರಾಕಿಯ ಗಂಟಲಿನ ಮೇಲಿತ್ತು. ಆ ಗಂಟಲು ಒಮ್ಮೆ ಮೇಲಕ್ಕೆ ಹೋಗಿ ಕೆಳಗಿಳಿಯಿತು.

"ಉಗುಳು ನುಂಗಬೇಡಿ," ಎಂದಳು. "ಕುಯ್ದು ಹೋದ್ರೆ ಅಂಗಡಿಗೆ ಕೆಟ್ಟ ಹೆಸರು."

"ಇಲ್ಲ... ಸುಮ್ನೆ ಇರ್ತೀನಿ." ನೊರೆಯೊಳಗಿಂದ ಬಂದ ದನಿ ಆ ಮೈಕಟ್ಟಿಗೆ ಹೊಂದದಷ್ಟು ಮೆತ್ತಗಿತ್ತು.

ಅವಳಿಗೆ ಗೊತ್ತಿರಲಿಲ್ಲ. ಬೆಂಚಿನ ಮೇಲೆ ಕೂತಿದ್ದವರಿಗೂ ಗೊತ್ತಿರಲಿಲ್ಲ. ಸಿಗಲಿ ಎಂದು ಅವಳು ಬಯಸುತ್ತಿದ್ದ ಕತ್ತು ಆಗಲೇ ಸಿಕ್ಕಿತ್ತು. ಅರ್ಧ ಬೋಳಿಸಿಯೂ ಆಗಿತ್ತು.

ಅದು ಕ್ರೀಡಾಂಗಣದ ಹಿಂದಿನ ಬೀದಿಯ ಎರಡು ಕುರ್ಚಿಯ ಕಟಿಂಗ್ ಶಾಪ್. ಒಂದು ಕುರ್ಚಿ ಅಪ್ಪನದು. ಮಂಡಿ ಕೈಕೊಟ್ಟ ಮೇಲೆ ಅಪ್ಪ ಮನೆ ಹಿಡಿದಿದ್ದರು. ಇನ್ನೊಂದು ಅವಳದು. ಬೆಂಚಿನ ಮೇಲೆ ಕ್ಷೌರಕ್ಕೆ ಬಂದವರಿಗಿಂತ ವಾದಕ್ಕೆ ಬಂದವರೇ ಹೆಚ್ಚು. ವಾದದ ವಿಷಯ ಒಂದೇ: ದೇಶದ ರಗ್ಬಿ ತಂಡ ಯಾಕೆ ಹೀಗೆ ಸಾಲಾಗಿ ಸೋಲುತ್ತಿದೆ? ಅಲ್ಲಿ ಎಲ್ಲರಿಗಿಂತ ಹರಿತವಾದ ನಾಲಿಗೆ ಅವಳದೇ. ಅದಕ್ಕೇ ಅವಳಿಗೆ 'ಕತ್ತರಿ' ಎಂಬ ಹೆಸರು ಬಿದ್ದಿತ್ತು.

"ತಪ್ಪೆಲ್ಲ ಕೋಚ್‌ದೇ," ಎಂದರು ನಿವೃತ್ತ ಲೆಕ್ಕದ ಮೇಷ್ಟ್ರು. "ಕಲಿಸೋನಿಗೇ ಪಾಠ ಗೊತ್ತಿಲ್ಲ, ಹುಡುಗ್ರು ಏನು ಮಾಡ್ತಾರೆ?"

"ನಿಮ್ಮ ಕ್ಲಾಸು ಅರ್ಧಕ್ಕರ್ಧ ಫೇಲಾದಾಗ್ಲೂ ಹಿಂಗೇ ಅಂದಿದ್ರಾ ಮೇಷ್ಟ್ರೇ?" ಬಸ್ ಕಂಡಕ್ಟರ್ ಕೆಣಕಿದ.

"ಅದು ಬೇರೆ. ಅವರು ಓದ್ತಾ ಇರ್ಲಿಲ್ಲ."

"ಆ ಆಯ್ಕೆ ಸಮಿತಿಯವರಿಗೆಲ್ಲ ಟಿಕೆಟ್ ಹರಿದು ಕೊನೇ ಸ್ಟಾಪಿಗೆ ಕಳಿಸ್ಬೇಕು ನೋಡಿ."

"ಕೋಚೂ ಅಲ್ಲ, ಸಮಿತೀನೂ ಅಲ್ಲ." ಕತ್ತರಿ ರೇಜರ್ ಒರೆಸಿದಳು. "ಸ್ಕ್ರಮ್ ಅಂದ್ರೇನು? ನಮ್ಮ ಎಂಟು ಜನ ತಲೆ ತಗ್ಗಿಸಿ ಅವರ ಎಂಟು ಜನರನ್ನ ತಳ್ಬೇಕು. ಪ್ರತಿ ಸಲ ಬಲಗಡೆ ಮೂಲೆ ಕುಸಿಯುತ್ತೆ. ಅಲ್ಲಿರೋನು ಯಾರು? ಮೂರನೇ ನಂಬರು. ಗೋಡೆ ಬೇಕು ಅಂದ್ರೆ ಗೋಣಿಚೀಲ ತಂದು ನಿಲ್ಲಿಸಿದ್ದಾರೆ."

"ಗೋಣಿಚೀಲ ಆಗಿದ್ರೆ ಇನ್ನೂ ಸ್ವಲ್ಪ ಹೊತ್ತು ನಿಲ್ತಿತ್ತು," ಎಂದಿತು ಕುರ್ಚಿಯಲ್ಲಿದ್ದ ನೊರೆಯ ಮುಖ.

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕ ಮೇಲೆ ಕನ್ನಡಿಯಲ್ಲಿ ಅವನ ಕಣ್ಣು ನೋಡಿದಳು. ಆ ಕಣ್ಣುಗಳು ಮಾತ್ರ ನಗುತ್ತಿರಲಿಲ್ಲ.

ದೇಶದ ಅಂಗಿ ತೊಟ್ಟವನ ಮುಖ ಅಂಥ ಅಭಿಮಾನಿಗೆ ಗೊತ್ತಿಲ್ಲವೇ ಎಂದು ಯಾರಾದರೂ ಕೇಳಬಹುದು. ಗೊತ್ತಾಗದ ಹಾಗೆ ಮಾಡಿಕೊಂಡವಳು ಅವಳೇ.

ಪಂದ್ಯಕ್ಕೆ ಮುಂಚೆ ಆಟಗಾರರ ಹೆಸರು ಕೂಗಿ ದೊಡ್ಡ ಪರದೆಯ ಮೇಲೆ ಮುಖ ತೋರಿಸುತ್ತಾರೆ. ಮೂರನೇ ನಂಬರಿನ ಸರದಿ ಬಂದಾಗ ಪೂರ್ವದ ಗ್ಯಾಲರಿ ಪೂರ್ತಿ ಎದ್ದು ಮೈದಾನಕ್ಕೆ ಬೆನ್ನು ಹಾಕಿ ನಿಲ್ಲುತ್ತಿತ್ತು. ಅದನ್ನು ಶುರು ಮಾಡಿದ್ದೇ ಕತ್ತರಿ. ಮುಖ ಪರದೆಗೆ ಬರುವ ಹೊತ್ತಿಗೆ ನೋಡುವವರೇ ಇರುತ್ತಿರಲಿಲ್ಲ. ಆಟದಲ್ಲಂತೂ ತಲೆಗೆ ರಕ್ಷಾಟೋಪಿ, ಬಾಯಿಗೆ ಕವಚ, ಮೈಯೆಲ್ಲ ಕೆಸರು. ಪತ್ರಿಕೆಯಲ್ಲಿ ಬರುವುದು ಚೆಂಡು ಹಿಡಿದು ಓಡುವವರ ಚಿತ್ರ. ತಲೆ ತಗ್ಗಿಸಿ ತಳ್ಳುವವರದ್ದಲ್ಲ.

ಅವನು ಮುಂದಿನ ಪಂದ್ಯದ ಹಿಂದಿನ ದಿನವೂ ಬಂದ. ಅದರ ಮುಂದಿನದಕ್ಕೂ ಬಂದ.

"ಕಿವಿಗೆ ಏನಾಗಿದೆ?" ಜಜ್ಜಿದ ಹಾಗಿದ್ದ ಕಿವಿಯ ಸುತ್ತ ನಿಧಾನ ಕತ್ತರಿ ಆಡಿಸುತ್ತ ಕೇಳಿದಳು.

"ಹಳೇ ಪೆಟ್ಟು. ಭಾರದ ಕೆಲಸ ನಮ್ಮದು."

"ಗೋದಾಮಾ?"

ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅವಳು ಗೋದಾಮು ಎಂದೇ ಇಟ್ಟುಕೊಂಡಳು.

ಅವನು ಬರುವ ದಿನ ಬೆಳಿಗ್ಗೆಯಿಂದಲೇ ಅವಳ ಕಣ್ಣು ಬಾಗಿಲ ಕಡೆ ಹೋಗತೊಡಗಿತು. ಇದೇನು ಹುಚ್ಚು ಎಂದು ತನ್ನನ್ನೇ ಬೈದುಕೊಂಡಳು. ನೋಡಲು ಬೀರುವಿನ ಹಾಗಿದ್ದಾನೆ. ಮಾತಾಡಿದರೆ ನಾಲ್ಕು ಪದ. ಆದರೆ ಅವಳು ಹೇಳುವುದನ್ನು ಅವನು ಕೇಳುವ ರೀತಿ... ಅಷ್ಟು ಪೂರ್ತಿಯಾಗಿ ಅವಳನ್ನು ಯಾರೂ ಕೇಳಿರಲಿಲ್ಲ.

"ನಿಮ್ಮ ತಲೇಲಿ ಎರಡು ಸುಳಿ ಇವೆ," ಎಂದಳು ಒಂದು ದಿನ.

"ಅಮ್ಮ ಹೇಳ್ತಿದ್ಲು. ಎರಡು ಮದುವೆ ಆಗುತ್ತೆ ಅಂತ ಹೆದರಿಸ್ತಿದ್ಲು."

"ಒಂದಾದ್ರೂ ಆಗಿದ್ಯಾ?" ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಇಲ್ಲ."

ಅವಳ ಕೈಯಲ್ಲಿದ್ದ ಟ್ರಿಮ್ಮರ್ ಜಾರಿತು. ಹಿಂಗತ್ತಿನ ಮೇಲೆ ಓರೆಯಾಗಿ ಒಂದು ಬೋಳು ಗೆರೆ ಬಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಇಂಥ ತಪ್ಪು ಇದೇ ಮೊದಲು.

"ಹೊಸ ಸ್ಟೈಲ್," ಎಂದಳು ಮುಖ ಗಂಟಿಕ್ಕಿ.

"ಚೆನ್ನಾಗಿರುತ್ತೆ ಬಿಡಿ. ನನಗಂತೂ ಕಾಣ್ಸಲ್ಲ." ಅವನು ಹಿಂಗತ್ತು ಮುಟ್ಟಿ ನೋಡಿಕೊಂಡ. "ಒಂದು ಕೇಳ್ಲಾ? ಆ ಮೂರನೇ ನಂಬರಿನವನ ಮೇಲೆ ಯಾಕಿಷ್ಟು ಕೋಪ?"

"ಕೋಪ ಎಲ್ಲಿ? ಆಸೆ. ಒಂದು ಸಲ ಆದ್ರೂ ಗೆಲ್ಲಲಿ ಅಂತ. ಆಸೆ ಇಲ್ದಿದ್ರೆ ಯಾರು ಗಂಟಲು ಹರ್ಕೊಂಡು ಬೈತಾರೆ?" ಬಟ್ಟೆ ಕೊಡವುತ್ತ ಧೈರ್ಯ ಮಾಡಿದಳು. "ನಾಳೆ ಪಂದ್ಯಕ್ಕೆ ಬನ್ನಿ. ನಮ್ಮ ಜೊತೆ ಕೂತ್ಕೊಳ್ಳಿ. ಅವನ ಹೆಸರು ಬಂದಾಗ ಒಟ್ಟಿಗೆ ಬೆನ್ನು ತಿರುಗಿಸೋಣ."

ಅವನು ಕನ್ನಡಿಯಲ್ಲಿ ಅವಳನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದ.

"ನಾಳೆ... ಕೆಲಸ ಇದೆ," ಎಂದು ಎದ್ದು ಹೋದ.

ಅವಳಿಗೆ ಮುಖಕ್ಕೆ ಬಾಗಿಲು ಹಾಕಿದಂತಾಯಿತು.

ಮರುದಿನ ಮೇಲಿದ್ದ ಆ ಪೂರ್ವದ ಗ್ಯಾಲರಿಗೆ ಬಣ್ಣ ಹೊಡೆಯುತ್ತಿದ್ದರೆಂದು ಅವರನ್ನೆಲ್ಲ ಕೆಳಗೆ, ಮೈದಾನದ ಅಂಚಿನ ಬೆಂಚುಗಳಿಗೆ ಕಳಿಸಿದರು. ಹೆಸರು ಕೂಗಿದಾಗ ಎಂದಿನಂತೆ ಅವಳೇ ಮೊದಲು ಬೆನ್ನು ತಿರುಗಿಸಿದಳು. ಎಂದಿನಂತೆ ಮುಖ ನೋಡಲಿಲ್ಲ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಅವರ ಎದುರಿಗೇ ಸ್ಕ್ರಮ್ ಕಟ್ಟಿತು.

ಇಷ್ಟು ದಿನ ಅದನ್ನು ಎತ್ತರದಿಂದ ನೋಡಿದ್ದಳು. ಅಲ್ಲಿಂದ ಅದು ಬಣ್ಣದ ಮುದ್ದೆ, ಅಷ್ಟೇ. ಇಲ್ಲಿಂದ ಒಬ್ಬೊಬ್ಬರ ಉಸಿರೂ ಕೇಳುತ್ತಿತ್ತು. ರೆಫರಿ ಕೂಗಿದ. ಅಷ್ಟೂ ಜನ ಬಗ್ಗಿದರು. ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದರು. ಒಂದು ಕ್ಷಣ ಇಡೀ ಮೈದಾನ ಉಸಿರು ಕಟ್ಟಿ ನಿಂತ ಹಾಗೆ...

ಆಮೇಲೆ ಡಿಕ್ಕಿ. ಎರಡು ಹಸಿ ಮರದ ದಿಮ್ಮಿಗಳನ್ನು ಒಂದಕ್ಕೊಂದು ಎಸೆದಂಥ ಸದ್ದು. ಅವಳು ಕೂತಿದ್ದ ಬೆಂಚು ಅದುರಿತು. ಹುಲ್ಲು ಬೇರು ಸಮೇತ ಕಿತ್ತು ಬಂತು. ಬೆನ್ನುಗಳಿಂದ ಆವಿ ಏಳುತ್ತಿತ್ತು. ಹಿಂದಿದ್ದವರ ಬಲವೆಲ್ಲ ಹರಿದು ಬಂದು ಮುಂದಿನ ಸಾಲಿನ ಕತ್ತುಗಳಲ್ಲಿ ನಿಂತಿತ್ತು. ಮೂರನೇ ನಂಬರಿನವನ ತಲೆ ಎದುರಾಳಿಗಳ ಎರಡು ತಲೆಗಳ ನಡುವೆ ಅಡಕತ್ತರಿಗೆ ಸಿಕ್ಕಿದ ಹಾಗೆ ಸಿಕ್ಕಿತ್ತು. ಅವನ ತೊಡೆ ನಡುಗುತ್ತಿತ್ತು. ಆದರೂ ಅವನು ನಿಂತಿದ್ದ.

ಮನುಷ್ಯನ ಮೈ ಇದನ್ನು ತಡೆಯುತ್ತದೆಯೇ? ಇವನನ್ನೇ ಗೋಣಿಚೀಲ ಎಂದಿದ್ದೆನಲ್ಲ.

ಎರಡನೇ ಸಲ ಸ್ಕ್ರಮ್ ಕಟ್ಟುವಾಗ ಅವನ ಟೋಪಿ ಕಿತ್ತು ಹಾರಿತು. ಅವಳೆದುರಿಗೆ ಒಂದು ಬಗ್ಗಿದ ತಲೆ. ತಲೆಯಲ್ಲಿ ಎರಡು ಸುಳಿ. ಹಿಂಗತ್ತಿನ ಮೇಲೆ ಓರೆಯಾಗಿ ಒಂದು ಬೋಳು ಗೆರೆ.

ತನ್ನ ಕೈಕೆಲಸ ತನಗೆ ಗೊತ್ತಾಗದೇ ಇರುತ್ತದೆಯೇ?

ಸ್ಕ್ರಮ್ ಬಲಮೂಲೆಯಿಂದ ಕುಸಿಯಿತು. ತಪ್ಪು ನಮ್ಮದೆಂದು ರೆಫರಿ ಕೈ ಎತ್ತಿದ. ಬೆಂಚುಗಳೆಲ್ಲ ಎದ್ದು ಅವಳೇ ಕಟ್ಟಿದ ಘೋಷಣೆ ಕೂಗಿದವು: "ಮೂರು ಹೊರಗೆ, ಮೂರು ಹೊರಗೆ!" ಮಣ್ಣಿನಿಂದ ಎದ್ದವನು ಇತ್ತ ತಿರುಗಿದ. ಅವಳನ್ನು ಕಂಡ. ಅವಳ ಬಾಯಿಂದ ಮಾತ್ರ ಸದ್ದು ಹೊರಡಲಿಲ್ಲ. ಆ ಪಂದ್ಯವನ್ನೂ ಸೋತರು.

ಸಂಜೆ ಮನೆಯಲ್ಲಿ ಟಿವಿ ಮುಂದಿದ್ದ ಅಪ್ಪ ಅವಳ ಮುಖ ನೋಡಿ ರಿಮೋಟ್ ಕೆಳಗಿಟ್ಟರು.

"ಗೊತ್ತಾಯ್ತಾ?"

"ನಿಮಗೆ ಗೊತ್ತಿತ್ತಾ ಅಪ್ಪಾ?"

"ನಾನು ಮನೇಲಿ ಕೂತು ನೋಡೋನು. ನಿನ್ನ ಹಾಗೆ ಟಿವಿಗೆ ಬೆನ್ನು ಹಾಕಿ ಕೂರ್ತೀನಾ? ಒಂದಿನ ಕೋಲೂರ್ಕೊಂಡು ನಿಂಗೆ ಊಟ ತಂದಾಗ ಅವನನ್ನ ಕುರ್ಚಿ ಮೇಲೆ ಕಂಡೆ."

"ಒಂದು ಮಾತು ಹೇಳಬಾರ್ದಿತ್ತಾ?"

"ಗಿರಾಕಿ ತಾನಾಗಿ ಹೇಳದ್ದನ್ನ ಕ್ಷೌರದೋನು ಬಾಯಿ ಬಿಡಬಾರ್ದು. ನಿಂಗೆ ರೇಜರ್ ಕೊಟ್ಟ ದಿನಾನೇ ಕಲಿಸಿದ್ದೆ."

ಆ ವಾರವೇ ಹೊಸ ತಂಡ ಪ್ರಕಟವಾಯಿತು. ಅವನ ಹೆಸರಿರಲಿಲ್ಲ. ಅಂಗಡಿಯಲ್ಲಿ ಕಂಡಕ್ಟರ್ ಬೆಂಚು ತಟ್ಟಿ ಕುಣಿದ. "ಗೆದ್ವಿ ಕಣಮ್ಮಾ ಕತ್ತರಿ, ತೆಗೆದ್ರು ನೋಡು."

ಮುಂದಿನ ಪಂದ್ಯದಲ್ಲಿ ಹೊಸ ಮೂರನೇ ನಂಬರೂ ಕುಸಿದ. ತಂಡ ಇನ್ನೂ ಹೀನಾಯವಾಗಿ ಸೋತಿತು.

"ಇವನೂ ಗೋಣಿಚೀಲ," ಎಂದರು ಮೇಷ್ಟ್ರು. "ಹೊಸ ಘೋಷಣೆ ಕಟ್ಟಮ್ಮ."

"ಇನ್ಮೇಲೆ ಯಾರಿಗೂ ಕಟ್ಟಲ್ಲ," ಎಂದಳು. "ಒಂದು ಸಲ ಕೆಳಗೆ ಕೂತು ಆ ಮೊದಲಿನವನ ಕತ್ತು ನೋಡಿದ್ದೀನಿ ಮೇಷ್ಟ್ರೇ. ಆ ಸದ್ದು ಕೇಳಿದ್ದೀನಿ. ಅದನ್ನ ಬೈಯೋಕೆ ನನ್ನ ಹತ್ರ ಬಾಯಿಲ್ಲ."

ಅವನು ಮತ್ತೆ ಬಂದಿರಲಿಲ್ಲ. ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಈಗ ಹೋಗದಿದ್ದರೆ ಇನ್ನು ಯಾವತ್ತೂ ಇಲ್ಲ. ಅರ್ಧ ಕ್ಷೌರ ಮಾಡಿದ್ದ ಕಂಡಕ್ಟರನನ್ನು ಹಾಗೇ ಬಿಟ್ಟು ಅವಳು ಹೊರನಡೆದಳು.

"ಏಯ್, ಇನ್ನೊಂದು ಕೆನ್ನೆ?" ಎಂದು ಅವನು ಹಿಂದಿನಿಂದ ಕೂಗುತ್ತಲೇ ಇದ್ದ.

ಕ್ರೀಡಾಂಗಣದ ಪಕ್ಕದ ಅಭ್ಯಾಸದ ಮೈದಾನದಲ್ಲಿ ಅವನು ಒಬ್ಬನೇ ಇದ್ದ. ಕಬ್ಬಿಣದ ಚೌಕಟ್ಟಿಗೆ ಮೆತ್ತೆ ಕಟ್ಟಿ, ಮೇಲೆ ಮರಳಿನ ಮೂಟೆ ಹೇರಿದ ಬಂಡಿಯೊಂದನ್ನು ತಳ್ಳುತ್ತಿದ್ದ. ಅವಳನ್ನು ಕಂಡು ನೆಟ್ಟಗಾದ.

"ನಾಳೆ ಹೊರಡ್ತಿದ್ದೀನಿ," ಎಂದ, ಅವಳು ಕೇಳುವ ಮೊದಲೇ. "ಹಳೇ ಕ್ಲಬ್ಬಿಗೆ. ಮತ್ತೆ ಆಡ್ಬೇಕಾ ಬೇಡ್ವಾ, ಇನ್ನೂ ಗೊತ್ತಿಲ್ಲ."

"ಬೆನ್ನು ತಿರುಗಿಸೋದನ್ನ ಶುರು ಮಾಡಿದ್ದು ನಾನೇ."

"ಗೊತ್ತು."

"ಯಾವಾಗಿಂದ?"

"ಮೊದಲ ದಿನದಿಂದ. ಎಲ್ಲರಿಗಿಂತ ಮೊದಲು ನೀವು ಹಾಗೆ ನಿಲ್ಲೋದನ್ನ ಕ್ಯಾಮೆರಾದವರು ಪರದೇಲಿ ತೋರಿಸ್ತಾರೆ. ಅಂಗಡಿಗೆ ಬಂದಾಗ ನೀವು ಆ ಕಡೆ ತಿರುಗಿ ನಿಂತಿದ್ರಿ. ಬೆನ್ನು ನೋಡಿದ ಕೂಡ್ಲೇ ಗುರುತು ಸಿಕ್ತು."

"ಗೊತ್ತಿದ್ದೂ ರೇಜರ್ ಕೆಳಗೆ ಕೂತ್ರಾ?"

"ಚೆನ್ನಾಗಿ ಆಡ್ತಿಲ್ಲ, ಕ್ಷಮಿಸಿ ಅಂತ ಹೇಳೋಣ ಅನ್ಕೊಂಡೆ. ಅಷ್ಟರಲ್ಲಿ ಬಾಯಿಗೆ ನೊರೆ ಹಚ್ಚಿಬಿಟ್ರಿ."

ಅವಳಿಗೆ ನಗು ಬಂತು. ನಗುವಿನ ಜೊತೆ ಕಣ್ಣೀರೂ ಬಂತು. ಅದನ್ನು ತೋಳಿನಿಂದ ಒರಟಾಗಿ ಒರೆಸಿಕೊಂಡಳು.

"ಯಾಕೆ ಕುಸೀತಿದ್ರಿ? ನಿಜ ಹೇಳಿ."

"ನಾನು ಎಡಗಡೆಯವನು. ಒಂದನೇ ನಂಬರು. ಚಿಕ್ಕಂದಿನಿಂದ ಅಲ್ಲೇ ಆಡಿದ್ದು. ಬಲಗಡೆ ಆಡೋನಿಗೆ ಪೆಟ್ಟಾಯ್ತು ಅಂತ ಕೋಚ್ ನನ್ನ ಅಲ್ಲಿ ನಿಲ್ಲಿಸಿದ್ರು. ನಿಮಗೆ ಎಡಗೈಲಿ ಕ್ಷೌರ ಮಾಡಿ ಅಂದ ಹಾಗೆ."

"ಆಗಲ್ಲ ಅಂತ ಹೇಳ್ಬೇಕಿತ್ತು."

"ದೇಶದ ಅಂಗಿ ಕೈಗೆ ಕೊಟ್ಟಾಗ ಯಾರು ಆಗಲ್ಲ ಅಂತಾರೆ?"

ಅವಳು ಬಂಡಿಯ ಹತ್ತಿರ ಹೋದಳು. ಬಗ್ಗಿ ಮೆತ್ತೆಗೆ ಭುಜ ಕೊಟ್ಟು, ಹಲ್ಲು ಕಚ್ಚಿ ತಳ್ಳಿದಳು. ಬಂಡಿ ಅವಳನ್ನು ಗಮನಿಸಲೇ ಇಲ್ಲ.

"ಪಂದ್ಯದಲ್ಲಿ ಇದಕ್ಕಿಂತ ಭಾರವಾ?"

"ಇದು ವಾಪಸ್ ತಳ್ಳಲ್ಲ. ಅವರು ತಳ್ತಾರೆ."

ಅವಳು ಬಗ್ಗಿದಲ್ಲೇ ಉಳಿದಳು. ಇಂಥದ್ದನ್ನು ಹೊತ್ತು ನಿಂತವನು ಮರುವಾರ ಬಂದು ಅವಳ ಬೈಗುಳಕ್ಕೆ ಕತ್ತು ಕೊಟ್ಟು ಕೂರುತ್ತಿದ್ದ.

"ಕ್ಷಮೆ ಕೇಳೋಕೆ ಒಂದು ಸಲ ಕೂತ್ರಿ. ಆಮೇಲೂ ಯಾಕೆ ಬರ್ತಿದ್ರಿ?" ಮೆತ್ತೆಯ ಕಡೆಗೇ ಮುಖ ಮಾಡಿ ಕೇಳಿದಳು.

"ಆಮೇಲೆ ಬಂದಿದ್ದು ಕ್ಷಮೆಗಲ್ಲ."

ಅವನು ಬಂದು ಅವಳ ಎಡಕ್ಕೆ, ತನ್ನ ಸ್ವಂತ ಜಾಗದಲ್ಲಿ ಬಗ್ಗಿದ. ಅವಳ ಬೆನ್ನ ಮೇಲಿಂದ ತೋಳು ಹಾಯಿಸಿ ಅಂಗಿಯನ್ನು ಬಿಗಿಯಾಗಿ ಹಿಡಿದ.

"ನೀವೂ ಹಿಡ್ಕೊಳ್ಳಿ. ಒಬ್ರು ಬಿಟ್ರೂ ಇಬ್ರೂ ಬೀಳ್ತೀವಿ."

ಹಿಡಿದಳು. ಅವನ ಪಕ್ಕೆಯೊಳಗೆ ಉಸಿರು ಏರಿಳಿಯುವುದು ಅಂಗೈಗೆ ತಿಳಿಯುತ್ತಿತ್ತು.

"ಎಷ್ಟು ಹೊತ್ತು ಹಿಡ್ಕೊಂಡಿರ್ಬೇಕು?"

"ರೆಫರಿ ಸೀಟಿ ಊದೋ ತನಕ."

ಅವಳು ತಲೆ ಹೊರಳಿಸಿ ಮೈದಾನ ನೋಡಿದಳು. ಯಾರೂ ಇರಲಿಲ್ಲ.

"ಇಲ್ಲಿ ರೆಫರಿ ಎಲ್ಲಿದ್ದಾನೆ?"

"ಇಲ್ಲ," ಎಂದ ಅವನು. "ಅದಕ್ಕೇ ಕೇಳ್ತಿರೋದು. ಹಿಡ್ಕೋತೀಯಾ?"

"ಹೂಂ," ಎಂದಳು ಅವಳು. "ತಳ್ಳು."

ಬಂಡಿ ಕದಲಿತು.