ಹುಣಸೆಮರಕ್ಕೆ ಬರುವವರು

“ಅದು ಅದ್ದು ಕಣ್ಲಾ. ಸುಮ್ಕೆ ಕುಂತ್ಕೊ,” ಎಂದಳು ಅಂಕಮ್ಮ.

ಪಕ್ಕದ ಮನೆಯ ಶಿವಣ್ಣ ಬೆಳಗಿನಿಂದ ಕೊಕ್ಕರೆ ಎಂದು ತೋರಿಸಿದವುಗಳಲ್ಲಿ ಈ ಹದ್ದಿನ ಜೊತೆಗೆ ಯಾರೋ ಒಣಹಾಕಿದ ಪಂಚೆಯೂ ಸೇರಿತ್ತು. ದೀಪಾವಳಿ ರಜ. ಇಬ್ಬರೂ ಹುಲ್ಲಿನ ಮೆದೆ ಹತ್ತಿ ಶಿಂಷಾ ಹೊಳೆಯ ಕಡೆ ಕಣ್ಣು ನೆಟ್ಟಿದ್ದರು.

ತಮಾಷೆಗಲ್ಲ. ಹಿತ್ತಲ ಹುಣಸೆಮರವನ್ನು ಅಂಕಮ್ಮನ ಅಪ್ಪ ಬೋರಯ್ಯ, ಇದ್ದಿಲು ಸುಡಿಸುವ ದಸ್ತಗೀರ್ ಸಾಬರಿಗೆ ಮಾರಿಬಿಟ್ಟಿದ್ದ. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗುತ್ತಿರಲಿಲ್ಲ. ಮಳವಳ್ಳಿ ಬಸ್ಸು ಇದ್ದಿಲಿನ ಗ್ಯಾಸಿನಿಂದ ಓಡುತ್ತಿತ್ತು. ಓಡುತ್ತಿತ್ತು ಎಂದು ಮರ್ಯಾದೆಗೆ ಹೇಳಬೇಕು. ದಿಬ್ಬ ಸಿಕ್ಕರೆ ಜನವೇ ಇಳಿದು ತಳ್ಳುತ್ತಿದ್ದರು.

ವರ್ಷವೂ ಕೊಕ್ಕರೆಗಳು ದೂರದಿಂದ ಬಂದು ಆ ಮರದಲ್ಲಿ ಗೂಡು ಕಟ್ಟುತ್ತಿದ್ದವು. ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರಿನವರ ಭಾವನೆ. ಒಂದು ಕೊಕ್ಕರೆ ಕೂತರೂ ಸಾಕು, ಆಮೇಲೆ ಆ ಮರಕ್ಕೆ ಯಾರೂ ಕೊಡಲಿ ಮುಟ್ಟಿಸುವುದಿಲ್ಲ, ಹುಣಸೆಹಣ್ಣನ್ನೂ ಉದುರಿಸುವುದಿಲ್ಲ.

ಈ ಸಲ ಇನ್ನೂ ಒಂದೂ ಬಂದಿರಲಿಲ್ಲ. ದಸ್ತಗೀರ್ ಸಾಬರು ಆಗಲೇ ಬಂದು ಜಗಲಿಯ ಮೇಲೆ ಬೋರಯ್ಯನ ಜೊತೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಕೊಡಲಿಯವರು ಉಂಡು ಬರುವವರಿದ್ದರು.

ಯಾಕೆ ಮಾರಿದೆ ಎಂದು ಅಂಕಮ್ಮ ಅಪ್ಪನನ್ನು ಕೇಳಿದ್ದಳು. ಹಿತ್ತಲೆಲ್ಲ ಗಲೀಜು ಎಂದಿದ್ದ. ಆ ಗಲೀಜನ್ನೇ ಗೊಬ್ಬರವೆಂದು ವರ್ಷವೂ ಗದ್ದೆಗೆ ಹೊತ್ತವನು ಅವನು! ಕೊಕ್ಕರೆ ಬರುವ ಮೊದಲೇ ಕಡಿಯಬೇಕೆಂದು ಅವಸರ ಮಾಡಿದವನೂ ಅವನೇ.

ಹೊತ್ತು ನೆತ್ತಿಯಿಂದ ಇಳಿಯಿತು. ಹೊಳೆಯ ಕಡೆ ಎರಡು ಬಿಳಿ ಚುಕ್ಕೆ ಕಂಡವು. ಈ ಸಲ ಶಿವಣ್ಣ ಬಾಯಿ ಬಿಡಲಿಲ್ಲ. ಹತ್ತಿರ ಬಂದಂತೆ ಚಾಚಿದ ಕತ್ತು ಕಂಡಿತು, ಹಳದಿ ಕೊಕ್ಕು ಕಂಡಿತು, ಬಾಲದ ಬಳಿ ಗುಲಾಬಿ ಗರಿ. ಮರವನ್ನು ಒಂದು ಸುತ್ತು ಹಾಕಿ, ತುದಿಯ ಕೊಂಬೆಯಲ್ಲಿ ಕಾಲೂರಿದವು.

ಅಂಕಮ್ಮ ಮೆದೆಯಿಂದ ಜಾರಿ ಜಗಲಿಗೆ ಓಡಿದಳು. “ಅಪ್ಪ, ಬಂದ್ವು.”

ದಸ್ತಗೀರ್ ಸಾಬರು ಅಂಗಳಕ್ಕಿಳಿದು ಮನೆಯ ಹೆಂಚಿನಾಚೆ ಕಾಣುವ ಮರವನ್ನು ನೋಡಿದರು. “ದಿಟ ಬೋರಯ್ಯ, ಬಂದವೆ. ಬಸುರಿ ಮನೆಗೆ ನಾನು ಕೊಡ್ಲಿ ಆಕ್ಸಾಕಿಲ್ಲ.”

ಬೋರಯ್ಯ ತಲೆ ಎತ್ತಲಿಲ್ಲ. “ಅವು ವರ್ಸ ವರ್ಸ ಬತ್ತವೆ ಸಾಬ್ರೆ. ನಮ್ ಸಿವನಂಜಿ ಬರನಿಲ್ಲ.”

ಶಿವನಂಜಮ್ಮ ಅಂಕಮ್ಮನ ಅಕ್ಕ. ಹೋದ ವರ್ಷ ಇದೇ ಕಾರ್ತಿಕದಲ್ಲಿ ಹೆರಿಗೆಗೆ ಬರಬೇಕಿತ್ತು. ಕರೆತರಲೆಂದು ಅಪ್ಪ ಗಾಡಿಗೆ ಕಮಾನು ಕಟ್ಟಿ, ಒಳಗೆ ಮೆತ್ತಗೆ ಹುಲ್ಲು ಹಾಸಿದ್ದ. ಗಾಡಿ ಹೊರಡುವ ಮೊದಲೇ ಗಂಡನ ಮನೆಯಿಂದ ಸುದ್ದಿ ಬಂತು. ತಾಯಿಯೂ ಇಲ್ಲ, ಮಗುವೂ ಇಲ್ಲ. ಆಮೇಲೆ ಬೇಸಿಗೆಯವರೆಗೂ ಮರದ ತುಂಬ ಮರಿಗಳ ಗಲಾಟೆ. ಅಷ್ಟು ದಿನವೂ ಅಪ್ಪ ಹಿತ್ತಲ ಬಾಗಿಲು ದಾಟಿದ್ದನ್ನು ಅಂಕಮ್ಮ ಕಂಡಿರಲಿಲ್ಲ.

ದಸ್ತಗೀರ್ ಸಾಬರು ಚಪ್ಪಲಿ ಮೆಟ್ಟಿದರು. ಎದುರಾದ ಕೊಡಲಿಯವರನ್ನು ದಾರಿಯಲ್ಲೇ ಹಿಂದಕ್ಕೆ ತಿರುಗಿಸಿಕೊಂಡು ಹೋದರು.

ಇನ್ನೂ ಬರುತ್ತಿವೆ, ಬೇಗ ಬಾ ಎಂದು ಹಿತ್ತಲಿನಿಂದ ಶಿವಣ್ಣ ಕೂಗಿದ. ಅಂಕಮ್ಮ ಹೋಗಲಿಲ್ಲ. ಅಪ್ಪನ ಪಕ್ಕದಲ್ಲಿ, ಅವನಂತೆಯೇ ಮರಕ್ಕೆ ಬೆನ್ನು ಮಾಡಿ ಕೂತಳು.

ಅಪ್ಪ ಮೆಲ್ಲಗೆ ಕೇಳಿದ. “ಅಷ್ಟ್ ದೂರ್ದಿಂದ ಬಂದವೆ. ಸೊರಗೋಗವಾ, ನೋಡ್ದಾ?”

“ಇಲ್ಲ ಕಣಪ್ಪ,” ಎಂದಳು ಅಂಕಮ್ಮ. “ಸೆಂದಾಗವೆ.”