ಮೇಷ್ಟ್ರು ಈಸಿಕೊಂಡ ತಾಂಬೂಲ

ಹಿಂದೂಪುರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಆದಿನಾರಾಯಣ ಮೇಷ್ಟ್ರಿಗೆ ಕಥೆ ಬರೆಯುವ ಹುಚ್ಚು. ಬರೆದದ್ದನ್ನು ನಾಲ್ಕು ಜನಕ್ಕೆ ಓದಿ ಹೇಳುವ ಹುಚ್ಚು ಅದಕ್ಕಿಂತ ದೊಡ್ಡದು. ಸುಮ್ಮನೆ ಕೂರಿಸಿಕೊಂಡು ಓದಿದರೆ ಜನ ಆಕಳಿಸುತ್ತಾರೆಂದು ಗೊತ್ತಾದ ಮೇಲೆ ಅವರು ಒಂದು ಉಪಾಯ ಹೂಡಿದರು. ತಿಂಗಳಿಗೊಂದು ಭಾನುವಾರ ಬಾಡಿಗೆ ಬಸ್ಸು ಮಾಡಿ, ಮನೆಮನೆಯಿಂದ ಬುತ್ತಿ ಕಟ್ಟಿಸಿ, ಸುತ್ತಲಿನ ಯಾವುದಾದರೂ ಬೆಟ್ಟಕ್ಕೋ ಕೆರೆಗೋ ಎಲ್ಲರನ್ನೂ ಹೊರಡಿಸುವುದು. ಬೆಳಿಗ್ಗೆ ಬೆಟ್ಟ ಹತ್ತಬೇಕು, ಆ ಊರಿನ ಹೆಂಗಸರಿಂದ ಹಾಡು ಕೇಳಬೇಕು, ನೆರಳು ಕಂಡಲ್ಲಿ ಉಣ್ಣಬೇಕು, ಉಂಡ ಮೇಲೆ ಮೇಷ್ಟ್ರ ಕಥೆ. ಜನ ಇದಕ್ಕೆ ‘ಬುತ್ತಿಕಥೆ’ ಎಂದು ಹೆಸರಿಟ್ಟರು. ಸೀಮೆ ಆಂಧ್ರಕ್ಕೆ ಸೇರಿದ ಮೇಲೆ ಕನ್ನಡದ ಕಥೆ ಕೇಳಲು ಇನ್ನೆಲ್ಲಿಗೆ ಹೋಗುವುದು ಎಂದು ಬರುವವರಿದ್ದರು. ಹೆಚ್ಚಿನವರು ಬುತ್ತಿಗೇ ಬರುತ್ತಿದ್ದರು.

ರಂಗಲಕ್ಷ್ಮಿಯೂ ಬುತ್ತಿಗೆ ಬಂದವಳೇ. ಎಲಿಮೆಂಟರಿ ಸ್ಕೂಲಿನಲ್ಲಿ ಟೀಚರಾಗಿದ್ದ ಅವಳು ಹಿಂದೂಪುರದಲ್ಲಿ ದೊಡ್ಡಮ್ಮ ಪಾಪಕ್ಕನ ಮನೆಯಲ್ಲಿದ್ದಳು. ತಿನ್ನುವುದು, ತಿರುಗುವುದು ಎಂದರೆ ಪಾಪಕ್ಕನಿಗೆ ಪ್ರಾಣ. ಅವಳ ಜೊತೆಗೆಂದು ರೊದ್ದಂ ಕಡೆಯ ಹುಣಸೆ ತೋಪಿಗೆ ಬಂದ ಹುಡುಗಿ, ಕಥೆಯ ನಾಯಕಿ ಬಾವಿಗೆ ಹಾರುವ ಹೊತ್ತಿಗೆ, ಉಳಿದ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಗ, ಕಿಸಕ್ಕನೆ ನಕ್ಕುಬಿಟ್ಟಳು.

ಮೇಷ್ಟ್ರು ಓದು ಮುಗಿಸಿ ನೇರ ಅವಳ ಬಳಿಗೇ ಬಂದರು.

“ನಗೋ ಅಷ್ಟು ಚೆನ್ನಾಗಿತ್ತೇನ್ರಿ ಕಥೆ?”

“ಕಥೆಗೆ ನಗಲಿಲ್ಲ ಸಾರ್. ನಿಮ್ಮ ಮೀಸೆಗೆ ನಕ್ಕಿದ್ದು. ಕಡ್ಲೆಕಾಯಿ ಚಟ್ನಿ ಇನ್ನೂ ಅಲ್ಲೇ ಅದೆ.”

ಅವರು ಗಡಿಬಿಡಿಯಿಂದ ಒರೆಸಿಕೊಂಡರು. “ಆ ಕಡೆ ಅಲ್ಲ, ಈ ಕಡೆ” ಎಂದಳು.

“ಮೊದ್ಲೇ ಹೇಳಬಾರದಿತ್ತಾ?”

“ಪಾಪ, ಅವಳು ಬಾವಿಗೆ ಬಿದ್ದು ಮುಗೀಲಿ ಅಂತ ಕಾಯ್ತಿದ್ದೆ.”

ಮೇಷ್ಟ್ರು ತೋಪೆಲ್ಲ ತಿರುಗಿ ನೋಡುವಂತೆ ನಕ್ಕರು. ಆ ನಗು ರಂಗಲಕ್ಷ್ಮಿಗೆ ಹಿಡಿಸಿತು. ಹಿಡಿಸಿದ್ದನ್ನು ಅವಳು ಪಾಪಕ್ಕನಿಗೂ ಹೇಳಲಿಲ್ಲ.

ಅಂದಿನಿಂದ ಅವಳು ಒಂದು ಬುತ್ತಿಕಥೆಯನ್ನೂ ತಪ್ಪಿಸಲಿಲ್ಲ. ಬಸ್ಸಿನ ಮುಂದೆ ಕಂಬಿ ಹಿಡಿದು ನಿಂತು ಮೇಷ್ಟ್ರು ಕೋಟೆ ಕೊತ್ತಲಗಳ ಕಥೆ ಹೇಳುವರು. ಮಾತು ಎಲ್ಲರಿಗೆ, ನೋಟ ಒಬ್ಬಳಿಗೆ. ಕಿಟಕಿಯ ಹೊರಗಿನ ಗುಡ್ಡ ತೋರಿಸಿದ ಕಣ್ಣು ಹಾಗೇ ಜಾರಿ ಅವಳ ಕಡೆ ಬಂದು, ಅವಳು ತಲೆಯೆತ್ತುವಷ್ಟರಲ್ಲಿ ಮತ್ತೆ ಗುಡ್ಡಕ್ಕೆ ಓಡುತ್ತಿತ್ತು. ಅವಳು ಬೇಕೆಂದೇ ತಡವಾಗಿ ತಲೆಯೆತ್ತುತ್ತಿದ್ದಳು.

ಮೇಷ್ಟ್ರಿಗೆ ಮದುವೆಯಾಗಿರಲಿಲ್ಲ. ಹಾಸಿಗೆ ಹಿಡಿದ ತಾಯಿಯ ಸೇವೆಯಲ್ಲೇ ಪ್ರಾಯ ಕಳೆದಿತ್ತು. ಕಿವಿಯ ಪಕ್ಕದ ಕೂದಲು ಬೇಗನೆ ನೆರೆತದ್ದಕ್ಕೋ, ಹೆಗಲ ಮೇಲಿನ ಶಾಲಿಗೋ, ಊರು ಅವರನ್ನು ಆಗಲೇ ಹಿರಿಯರ ಸಾಲಿಗೆ ಸೇರಿಸಿಬಿಟ್ಟಿತ್ತು. ಕುಲದಲ್ಲಿ ಅಡ್ಡಿಯಿರಲಿಲ್ಲ. ಕೇಳುವ ಬಾಯಿ ಇದ್ದರೆ ಸಾಕಿತ್ತು.

ಪೆನುಕೊಂಡದ ಬೆಟ್ಟದ ಮೇಲೆ, ಉಳಿದವರು ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದಾಗ, ಇಬ್ಬರೂ ಒಂದು ಬಂಡೆಯ ಮೇಲೆ ಕೂತರು.

“ನಿಮ್ಮ ಕಥೇಲಿ ಹುಡುಗೀರು ಯಾವಾಗ್ಲೂ ಸಾಯ್ತಾರಲ್ಲ, ಯಾಕೆ ಸಾರ್?” ಎಂದಳು.

“ಮದುವೆ ಮಾಡ್ಸೋಕೆ ನಂಗೆ ಬರಲ್ಲ.”

“ಕಲಿತ್ಕೊಳ್ಳಿ.”

“ಕಲಿಸೋರು ಬೇಕಲ್ಲ ಟೀಚರಮ್ಮ.”

ರಂಗಲಕ್ಷ್ಮಿ ಕೋಟೆಗೋಡೆಯ ಕಲ್ಲುಗಳನ್ನೇ ನೋಡುತ್ತ ಕೂತಳು. ಕಿವಿ ಬಿಸಿಯಾಗಿತ್ತು. ಮೇಷ್ಟ್ರು ಶಾಲಿನ ತುದಿಯನ್ನು ಹಿಂಡುತ್ತ, “ನಿಮ್ಮಮ್ಮನ ಹತ್ರ ಮಾತಾಡ್ಲಾ?” ಎಂದರು.

“ಬರೋ ಬುತ್ತಿಕಥೆ ಕಲ್ಯಾಣದುರ್ಗಕ್ಕೆ ಇಡಿ. ಅಮ್ಮ ಅಲ್ಲೇ ಗಿರಿಯಪ್ಪ ಮಾವನ ಮನೇಲಿ ಅವ್ರೆ. ಊಟ ಅವರ ಮನೇಲೇ ಅಂತ ಹೇಳಿ ಕಳಿಸ್ತೀನಿ. ಆದ್ರೆ ಹೋದ ತಕ್ಷಣ ಕೇಳ್ಬುಡಿ ಸಾರ್. ಊಟಕ್ಕೆ ಮುಂಚೇನೇ. ಮಾವ ನಂಗೆ ಗಂಡು ಹುಡುಕ್ತಾವ್ರೆ.”

“ಕೇಳ್ತೀನಿ” ಎಂದರು ಮೇಷ್ಟ್ರು. ಆ ತಿಂಗಳು ರಂಗಲಕ್ಷ್ಮಿ ಮಕ್ಕಳಿಗೆ ಮಗ್ಗಿ ಹೇಳಿಕೊಡುವಾಗಲೂ ತನ್ನಷ್ಟಕ್ಕೆ ನಗುತ್ತಿದ್ದಳು.

ಕಡಲೆಕಾಯಿ ಕಿತ್ತು ಮುಗಿದ ಕಾಲ. ಬಸ್ಸು ಕಲ್ಯಾಣದುರ್ಗ ಮುಟ್ಟಿ, ಜನ ಬೆಟ್ಟ ಹತ್ತಿ ಇಳಿದು, ಗಿರಿಯಪ್ಪನ ಮನೆಯ ಅಂಗಳದಲ್ಲಿ ಚಾಪೆ ಹಾಸಿ ಕೂತರು. ಒಳಗೆ ಒಬ್ಬಟ್ಟಿನ ಘಮ. ರಂಗಲಕ್ಷ್ಮಿಯ ತಾಯಿ ಮುನೆಮ್ಮ ಚೊಂಬಿನಲ್ಲಿ ನೀರು ತಂದು ಮೇಷ್ಟ್ರ ಮುಂದೆ ಇಟ್ಟು ನಮಸ್ಕಾರ ಮಾಡಿದರು. ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಮೇಷ್ಟ್ರು ಕೇಳಲಿಲ್ಲ.

ಕೈಕಾಲು ತೊಳೆಯುವ ನೆಪದಲ್ಲಿ ಹಿತ್ತಿಲ ಬಾವಿಯ ಹತ್ತಿರ ಬಂದ ಮೇಷ್ಟ್ರನ್ನು ಅವಳೇ ತಡೆದಳು. “ಯಾಕೆ ಸುಮ್ನಾದ್ರಿ?”

“ಮೊದಲು ಕಥೆ ಓದ್ತೀನಿ. ಇವತ್ತು ಊಟಕ್ಕೆ ಮುಂಚೇನೇ ಓದೋದು. ಈ ಕಥೇಲಿ ಹುಡುಗಿ ಸಾಯಲ್ಲ ಕಣೇ, ಮದುವೆ ಆಯ್ತದೆ. ಕೇಳಿದ್ರೆ ನಿಮ್ಮಮ್ಮಂಗೆ ತಾನಾಗೇ ಅರ್ಥ ಆಗ್ಬುಡ್ತದೆ.”

“ನಮ್ಮಮ್ಮಂಗೆ ಕಥೆ ಹೇಳಿದ್ರೆ ಅರ್ಥ ಆಗಲ್ಲ. ಬಾಯ್ಬಿಟ್ಟು ಕೇಳಿದ್ರೆ ಆಯ್ತದೆ.”

“ಊಟ ಆದ ತಕ್ಷಣ ಕೇಳ್ತೀನಿ, ಆಣೆ.”

ಮೊದಲ ಸಲ ‘ಕಣೇ’ ಎಂದಿದ್ದರು. ಆ ಒಂದು ಮಾತಿಗೆ ಕರಗಿ ಅವಳು ದಾರಿ ಬಿಟ್ಟಳು. ಬಿಡಬಾರದಿತ್ತು.

ಕಥೆ ಉದ್ದವಿತ್ತು. ಒಲೆಯ ಮುಂದೆ ಒಬ್ಬಟ್ಟು ಬೇಯಿಸುತ್ತ ಅವಳಿಗೆ ಅರ್ಧಂಬರ್ಧ ಕೇಳಿಸಿತು. ಎಲೆ ಹಾಕುವ ಹೊತ್ತಿಗೆ ಬಾಗಿಲಿಂದ ಇಣುಕಿದರೆ, ಮೇಷ್ಟ್ರ ಪಕ್ಕದಲ್ಲಿ ದೊಡ್ಡ ರುಮಾಲಿನ ಮುದುಕರೊಬ್ಬರು, ಅವರ ಆಚೆ ತಲೆ ತಗ್ಗಿಸಿ ಕೂತ ಒಬ್ಬ ಗಟ್ಟಿಮುಟ್ಟಾದ ಯುವಕ. ಇಬ್ಬರೂ ಬಸ್ಸಿನಲ್ಲಿ ಬಂದವರಲ್ಲ.

“ಅವರು ಯಾರಮ್ಮ?”

“ಕುಂದುರ್ಪಿ ಓಬುಳಪತಿಯೋರು. ಅವನು ಅವರ ಮಗ ಸಂಜೀವಪ್ಪ” ಎಂದು ಮುನೆಮ್ಮ ದನಿ ತಗ್ಗಿಸಿ ಹೇಳಿದರು. “ನಿಮ್ಮಾವನೇ ಕರ್ಕೊಂಡು ಬಂದವ್ನೆ. ಹೆಂಗೂ ಅಡಿಗೆ ಆಗದೆ, ಜನಾನೂ ಸೇರವ್ರೆ, ಒಂದೇ ಒಲೇಲಿ ಎರಡು ಕೆಲಸ ಆಗೋಗ್ಲಿ ಅಂದ. ಇವತ್ತೇ ಒಪ್ಪು ತಾಂಬೂಲ ಕಣಮ್ಮ.”

ರಂಗಲಕ್ಷ್ಮಿ ತುಪ್ಪದ ಗಿಂಡಿ ಕೆಳಗಿಟ್ಟಳು. “ಅಮ್ಮ, ಮೇಷ್ಟ್ರು ನಿನ್ನ ಹತ್ರ ಒಂದು ಮಾತು ಆಡ್ಬೇಕಂತೆ. ಈಗ್ಲೇ.”

“ಊಟಕ್ಕೆ ಕೂತೋರ ಹತ್ರ ಏನು ಮಾತು? ಆಮೇಲೆ ಆಡ್ತಾರೆ. ಹೋಗು, ತುಪ್ಪ ಬಡಿಸು.”

ತನ್ನ ಮದುವೆಯ ಮಾತನ್ನು ತಾನೇ ಎತ್ತಿದ ಹೆಣ್ಣನ್ನು ಆ ಮನೆ ಕಂಡಿರಲಿಲ್ಲ. ಅವಳು ತುಪ್ಪ ಹಿಡಿದು ಮೇಷ್ಟ್ರ ಎಲೆಗೆ ಬಗ್ಗಿ, ತುಟಿಯಲ್ಲೇ ಅಂದಳು. “ಎದ್ದು ಬನ್ನಿ ಸಾರ್.”

ಇದೂ ಅವಳ ತುಂಟಾಟವೆಂದೇ ಅವರು ತಿಳಿದರು. ಕಣ್ಣಲ್ಲಿ ಹಿಂದಿನಷ್ಟೇ ನಗು. “ಎಲೆ ಮುಂದಿಂದ ಏಳ್ತಾರೇನ್ರಿ? ಇನ್ನೊಂದು ಒಬ್ಬಟ್ಟು ಹಾಕ್ಸಿ” ಎಂದರು. ಪಕ್ಕದ ಎಲೆಯಲ್ಲಿ ಓಬುಳಪತಿ ತುಪ್ಪಕ್ಕೆ ಕಾಯುತ್ತಿದ್ದರು. ಅವಳು ಮುಂದಕ್ಕೆ ಸರಿದಳು.

ಕೈ ತೊಳೆದು ಎಲ್ಲರೂ ಚಾಪೆಗೆ ಬಂದಾಗ ಗಿರಿಯಪ್ಪ ಹಿತ್ತಾಳೆ ತಟ್ಟೆ ತಂದಿಟ್ಟ. ತೆಂಗಿನಕಾಯಿ, ಎಲೆ, ಅಡಿಕೆ, ಅರಿಸಿನ, ಕುಂಕುಮ. ಗಂಡಿನ ಕಡೆಯವರು ಕೊಟ್ಟ ತಾಂಬೂಲವನ್ನು ಹೆಣ್ಣಿನ ಅಪ್ಪ ಈಸಿಕೊಂಡರೆ ಮಾತು ಮುಗಿದಂತೆ. ಅಪ್ಪ ತೀರಿಹೋಗಿದ್ದ, ಅಣ್ಣತಮ್ಮಂದಿರು ಇರಲಿಲ್ಲ. ಸೋದರಮಾವನೇ ಈಸಿಕೊಳ್ಳಬಹುದಿತ್ತು, ಆದರೆ ಸಂಬಂಧ ತಂದವನೂ ಅವನೇ. ಕೊಡಿಸುವ ಕೈಯೇ ತಗೊಳ್ಳುವ ಕೈ ಆಗಬಾರದೆಂದು ಅವನಿಗೆ ಅಳುಕು. ಬಾಗಿಲ ಹಿಂದಿನಿಂದ ಮುನೆಮ್ಮ, “ಅಷ್ಟು ದೊಡ್ಡೋರು ಮನೆಗೆ ಬಂದವ್ರೆ, ಅವರೇ ಈಸ್ಕೊಳ್ಳಲಿ” ಎಂದರು.

“ಸ್ವಾಮೀ, ಹಿರೀಕರು ನೀವು. ಈ ತಟ್ಟೆ ನಿಮ್ಮ ಕೈಗೇ ಸೇರ್ಬೇಕು” ಎಂದು ಗಿರಿಯಪ್ಪ ಮೇಷ್ಟ್ರಿಗೆ ಕೈಮುಗಿದ.

ಬುತ್ತಿಕಥೆ ಹೋದ ಊರಲ್ಲೆಲ್ಲ ಊಟದ ಮೇಲೆ ಮೇಷ್ಟ್ರಿಗೆ ಕಾಯಿ ತಾಂಬೂಲ ಕೊಟ್ಟು ಮರ್ಯಾದೆ ಮಾಡುವುದು ರೂಢಿ. ಇದೂ ಅದೇ ಎಂದುಕೊಂಡರು ಅವರು. ಶಾಲು ಸರಿಪಡಿಸಿಕೊಂಡು ಎದ್ದು, ಓಬುಳಪತಿ ಎತ್ತಿಕೊಟ್ಟ ತಟ್ಟೆಗೆ ಎರಡೂ ಕೈ ಒಡ್ಡಿದರು. ಅಷ್ಟಕ್ಕೇ ಸುಮ್ಮನಾದರೆ ಅವರು ಮೇಷ್ಟ್ರೇ ಅಲ್ಲ. ಬಾಗಿಲ ಕಡೆ ಒಂದು ನೋಟ ಬೀರಿ, “ಈ ಮನೆಯ ಸಂಬಂಧ ಇವತ್ತಿಗೆ ಮುಗಿಯೋದಲ್ಲ, ಇವತ್ತಿಂದ ಶುರು” ಎಂದು ಭಾಷಣವನ್ನೂ ಮಾಡಿದರು.

“ಅಯ್ಪೋಯಿಂದಿ, ಮುಗೀತು. ಹಿರೀಕರ ಬಾಯಲ್ಲೇ ಒಳ್ಳೆ ಮಾತು ಬಂತು” ಎಂದರು ಓಬುಳಪತಿ.

ಬಾಗಿಲಲ್ಲಿ ನಿಂತ ರಂಗಲಕ್ಷ್ಮಿ ‘ಬೇಡ’ ಎನ್ನಲು ಹೊಸ್ತಿಲು ದಾಟಹೊರಟಳು. ಅಮ್ಮ ಸಂತೋಷಕ್ಕೆ ಅಳುತ್ತ ಅವಳ ಭುಜ ಹಿಡಿದುಕೊಂಡರು. ಹೆಂಗಸರು ಸೋಬಾನೆ ಎತ್ತಿದರು.

“ಫಾಲ್ಗುಣದಲ್ಲಿ ಲಗ್ನ ಇಡಾಣ ಸ್ವಾಮಿ. ಧಾರೆಗೂ ನೀವೇ ಅಪ್ಪನ ಜಾಗದಲ್ಲಿ ನಿಂತ್ಕೋಬೇಕು” ಎಂದ ಗಿರಿಯಪ್ಪ.

“ಯಾರ ಲಗ್ನ?”

“ನಮ್ಮ ರಂಗಲಕ್ಷ್ಮೀದು. ಈಗ ನೀವೇ ಈಸ್ಕೊಂಡ್ರಲ್ಲ.”

ಅವರ ಮುಖದ ರಕ್ತ ಇಳಿದುಹೋದದ್ದನ್ನು ಆ ಗದ್ದಲದಲ್ಲಿ ಅವಳೊಬ್ಬಳೇ ನೋಡಿದಳು. ಸಿಟ್ಟು, ಅಳು, ಮರುಕ ಎಲ್ಲ ಒಟ್ಟಿಗೇ ಬಂದವು.

ಹಿತ್ತಿಲಲ್ಲಿ ಸಿಕ್ಕಾಗ ಅವರ ಕೈಯಲ್ಲಿ ತೆಂಗಿನಕಾಯಿ ಇನ್ನೂ ಇತ್ತು.

“ಗೊತ್ತಿರಲಿಲ್ಲ ಕಣೇ. ಈಗಲೇ ಹೋಗಿ, ತಪ್ಪಾಯ್ತು, ಈ ಹುಡುಗೀನ ನಾನೇ ಕೇಳೋಕೆ ಬಂದಿದ್ದೆ ಅಂತೀನಿ.”

“ಹೋಗಿ ಹೇಳಿ” ಎಂದಳು. ಇನ್ನೂ ಒಂದು ಎಳೆ ಆಸೆ ಇತ್ತು.

ಅವರು ಹೋದರು. ನಡುಮನೆಯಲ್ಲಿ ಅವರನ್ನು ಕಂಡದ್ದೇ ಮುನೆಮ್ಮ ಕಾಲಿಗೆ ಬಿದ್ದರು. “ಅಪ್ಪ ಇಲ್ದಿರೋ ಮಗೀಗೆ ಅಪ್ಪ ಆಗಿ ನಿಂತ್ರಿ ಸ್ವಾಮಿ. ಈ ಋಣ ಹೆಂಗೆ ತೀರಿಸ್ಲಿ.” ಮೇಷ್ಟ್ರು ಅವರನ್ನು ಎತ್ತಿ ನಿಲ್ಲಿಸಿದರು. ಜೀವಮಾನವೆಲ್ಲ ಮಾತನ್ನೇ ನಂಬಿದವರಿಗೆ ಅಲ್ಲಿ ಒಂದು ಮಾತೂ ಸಿಗಲಿಲ್ಲ.

ತಿರುಗಿ ಬಂದು ಅವಳ ಮುಂದೆ ತಲೆ ತಗ್ಗಿಸಿ ನಿಂತರು.

“ಬಿಟ್ಬುಡಿ ಸಾರ್” ಎಂದಳು. “ಈಗ ಹೇಳಿದ್ರೂ ಆಗಲ್ಲ. ಅಪ್ಪನ ಜಾಗದಲ್ಲಿ ಕೈಯೊಡ್ಡಿದೋನು ತಾನೇ ಹುಡುಗೀನ ಇಟ್ಕೊಂಡ ಅಂತಾರೆ. ನೀವು ಈ ಸೀಮೇಲಿ ತಲೆ ಎತ್ತೋ ಹಂಗಿಲ್ಲ, ಅಮ್ಮ ಈ ಊರಲ್ಲಿ ಬಾಳೋ ಹಂಗಿಲ್ಲ. ಬೇರೆ ಯಾರಾದ್ರೂ ಈಸ್ಕೊಂಡಿದ್ರೆ ನಾನು ಒಲ್ಲೆ ಅಂತ ಕೂತ್ಬುಡ್ತಿದ್ದೆ.”

“ನಂಗೆ ನೀನು ಬೇಕಿತ್ತು ರಂಗಲಕ್ಷ್ಮಿ.”

“ನಂಗೂ ನೀವೇ ಬೇಕಿದ್ರಿ. ಇದನ್ನ ಬೆಳಿಗ್ಗೆ ಅಮ್ಮನ ಮುಂದೆ ಹೇಳ್ಬೇಕಿತ್ತು ಸಾರ್.”

ಬಸ್ಸು ಹಾರನ್ ಹಾಕಿತು. ಮದುವೆ ಗೊತ್ತಾದ ಹುಡುಗಿಗೆ ಇನ್ನೇನು ಸ್ಕೂಲು ಎಂದು ಅವಳನ್ನು ಅಲ್ಲೇ ಉಳಿಸಿಕೊಂಡರು. ಪಾಪಕ್ಕ ಒಬ್ಬಳೇ ಹತ್ತಿ, ಪಕ್ಕದ ಖಾಲಿ ಸೀಟಿನ ಮೇಲೆ ಒಬ್ಬಟ್ಟಿನ ಗಂಟು ಇಟ್ಟುಕೊಂಡಳು. ಮೇಷ್ಟ್ರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು.

“ಒಸಿ ಇರಿ ಸ್ವಾಮಿ” ಎಂದು ಗಿರಿಯಪ್ಪ ಕೂಗಿದ. “ರಂಗಲಕ್ಷ್ಮಿ, ನಿನ್ನ ತಾಂಬೂಲ ಈಸ್ಕೊಂಡೋರು ಹೊರಟವ್ರೆ. ಕಾಲಿಗೆ ಬಿದ್ದು ಆಶೀರ್ವಾದ ತಗೊಳಮ್ಮ.”

ಬಸ್ಸಿನ ಕಿಟಕಿಗಳಲ್ಲೆಲ್ಲ ಮುಖಗಳಿದ್ದವು. ರಂಗಲಕ್ಷ್ಮಿ ಬಂದು, ಸೆರಗು ಹೊದ್ದು, ಧೂಳಿನಲ್ಲಿ ಮೊಣಕಾಲೂರಿ ಅವರ ಪಾದ ಮುಟ್ಟಿದಳು. ಅಷ್ಟು ತಿಂಗಳಲ್ಲಿ ಅವಳು ಅವರನ್ನು ಮುಟ್ಟಿದ್ದು ಅದೇ ಮೊದಲು. ಅವರ ಕೈ ಅವಳ ತಲೆಯ ಮೇಲೆ ಬಂತು. ಎಲ್ಲರೂ ಕಾಯುತ್ತಿದ್ದರು.

“ನೂರು ಕಾಲ ಮುತ್ತೈದೆಯಾಗಿ ಬಾಳು, ಮಗಳೇ” ಎಂದರು ಮೇಷ್ಟ್ರು.

ಅವಳು ಏಳುವಷ್ಟರಲ್ಲಿ ಬಸ್ಸು ಹೊರಟಿತ್ತು.