ಮೂರು ಪರ್ಸೆಂಟ್ ಪ್ರಾಣ

ಬ್ಯಾಟರಿ ಮೂರು ಪರ್ಸೆಂಟ್!

ನನ್ನ ಹಿಂದಿನ ಸೀಟಿನಲ್ಲಿ ನರ್ಸಕ್ಕ. ಅವರ ಹಿಂದೆ, ರಸ್ತೆಯಲ್ಲಿ, ಕಪ್ಪು ಕಾರು.

ಎರಡು ಗಂಟೆಗೆ ನರ್ಸಕ್ಕ ಕೋರ್ಟಿನ ಕಟಕಟೆ ಹತ್ತಬೇಕಿತ್ತು. ಅವಧಿ ಮುಗಿದ ಔಷಧಿಗೆ ದೊಡ್ಡ ಡಾಕ್ಟರು ಹೊಸ ಲೇಬಲ್ ಅಂಟಿಸಿದ್ದನ್ನು ಕಣ್ಣಾರೆ ಕಂಡವರು ಅವರೊಬ್ಬರೇ. ಆ ಔಷಧಿ ಚುಚ್ಚಿಸಿಕೊಂಡ ಮೂವರು ಮತ್ತೆ ಏಳಲೇ ಇಲ್ಲ. ಅಕ್ಕನನ್ನು ಕೋರ್ಟಿಗೆ ಮುಟ್ಟಿಸುವುದು ನನ್ನ ಕೆಲಸ. ಮುಟ್ಟದ ಹಾಗೆ ನೋಡಿಕೊಳ್ಳುವುದು ಕಪ್ಪು ಕಾರಿನವನ ಕೆಲಸ.

ಹೆದ್ದಾರಿ ಪಕ್ಕ ಫಾಸ್ಟ್ ಚಾರ್ಜಿಂಗ್ ಸ್ಟೇಷನ್ ಕಂಡಿತು. ನುಗ್ಗಿಸಿದೆ!

ಯಂತ್ರ ಒಂದು, ಗನ್ ಎರಡು. ಗಾಬರಿಯಾಗಬೇಡಿ... ಕಾರಿಗೆ ಕರೆಂಟು ಕುಡಿಸುವ ಹಿಡಿಕೆಗೂ ಗನ್ ಅಂತಲೇ ಹೆಸರು. ಒಂದನ್ನು ಕಾರಿನ ಹಿಂಬದಿಗೆ ಸಿಕ್ಕಿಸಿದೆ. ನನ್ನ ಕಡೆಯ ಪರದೆ ಬೆಳಗಿತು: ‘ಗನ್ 1 ಸಿದ್ಧ. ಆ್ಯಪ್‌ನಲ್ಲಿ ಹಣ ಪಾವತಿಸಿ.’

ಆ್ಯಪ್!

ಬೆಳಿಗ್ಗೆ ನಾನೇ ನಮ್ಮಿಬ್ಬರ ಫೋನುಗಳನ್ನೂ ತರಕಾರಿ ಲಾರಿಯೊಳಗೆ ಎಸೆದಿದ್ದೆ. ಬೆನ್ನು ಹತ್ತಿದವನು ಫೋನಿನ ಜಾಡು ಹಿಡಿದು ಬದನೆಕಾಯಿ ಹಿಂದೆ ಅಲೆಯಲಿ ಅಂತ. ಮಹಾ ಬುದ್ಧಿವಂತ ನಾನು! ಅವನು ಬದನೆಕಾಯಿ ಹಿಂದೆ ಹೋಗಲಿಲ್ಲ. ನನ್ನ ಹಿಂದೆಯೇ ಬಂದ.

ಜೇಬಿನ ತುಂಬ ನೋಟು. ಯಂತ್ರಕ್ಕೆ ಅದನ್ನು ನುಂಗಲು ಬಾಯಿಲ್ಲ, ಈಸಿಕೊಳ್ಳಲು ಅಲ್ಲೊಂದು ಆಳಿಲ್ಲ. ಲಂಚ ಕೊಟ್ಟರೂ ತೆಗೆದುಕೊಳ್ಳುವವರಿಲ್ಲದ ಜಾಗವನ್ನು ಜನ್ಮದಲ್ಲಿ ಮೊದಲ ಸಲ ನೋಡಿದೆ!

ಕಪ್ಪು ಕಾರು ಯಂತ್ರದ ಆಚೆ ಬದಿ ಬಂದು ನಿಂತಿತು. ಇಳಿದವನ ಮೈಮೇಲೆ ಕೋಟು. ಕೋಟಿನೊಳಗೆ ನಿಜವಾದ ಗನ್.

"ಏನ್ ಗುರು, ದುಡ್ ಕಟ್ಟೋಕೆ ಆಗ್ತಿಲ್ವಾ?"

"ಫೋನಿಲ್ಲ."

"ಅಯ್ಯೋ ಪಾಪ! ನಂದೂ ಎರಡೇ ಪರ್ಸೆಂಟ್ ಕಣೋ. ಆದ್ರೆ ನನ್ನತ್ರ ಫೋನಿದೆ. ದುಡ್ಡು ಡಾಕ್ಟರದ್ದು, ನಂಗೇನ್ ಹೋಗ್ಬೇಕು? ನನ್ ಗಾಡಿ ಚಾರ್ಜ್ ಆಗ್ಲಿ, ಅಕ್ಕನ್ನ ನಾನೇ ಡ್ರಾಪ್ ಮಾಡ್ತೀನಿ."

"ಎಲ್ಲಿಗೆ?"

"ಕೋರ್ಟ್ ಇಲ್ದೇ ಇರೋ ಕಡೆಗೆ."

ನಮ್ಮನ್ನು ನಮ್ಮ ಕಾರಿನಲ್ಲೇ ಕೂರಿಸಿದ. ನಾನು ಕೀ ಚಾಚಿದರೆ ನಕ್ಕ.

"ನೀನೇ ಇಟ್ಕೋ, ಆಟ ಆಡ್ತಿರು. ಸತ್ತ ಗಾಡಿ!"

ಇನ್ನೊಂದು ಗನ್ ಎಳೆದು ತನ್ನ ಕಾರಿಗೆ ಚುಚ್ಚಿದ. ಫೋನ್ ನೋಡಿ ಹುಬ್ಬು ಗಂಟಿಕ್ಕಿದ.

"ಗನ್ ಒಂದಾ, ಎರಡಾ ಅಂತ ಕೇಳ್ತಿದೆ. ಇದ್ರ ಮೇಲಿನ ನಂಬರ್ ಅಳಿಸಿಹೋಗಿದೆಯಲ್ಲೋ!"

ನನ್ನ ಕಡೆಯ ಪರದೆಯತ್ತ ಕಣ್ಣು ಹಾಯಿಸಿದೆ. ಮುಖ ಮಾತ್ರ ಕಲ್ಲು.

"ನೀವೇ ಹೇಳಿ ಬಾಸ್. ಇಲ್ಲಿ ನಂಬರ್ ಒನ್ ಯಾರು?"

ಅವನು ಹಲ್ಲು ಕಿರಿದ. "ಅದನ್ನೂ ಕೇಳ್ಬೇಕಾ?"

‘ಗನ್ 1’ ಒತ್ತಿದ. ‘ಪಾವತಿ ಯಶಸ್ವಿ’ ಅಂದಿತು ಫೋನು.

ನನ್ನ ಡ್ಯಾಶ್‌ಬೋರ್ಡಿನಲ್ಲಿ ಹಸಿರು ದೀಪ ಮಿಟುಕಿತು. ಅದರ ಮೇಲೆ ಮೆಲ್ಲಗೆ ಟೋಪಿ ಇಟ್ಟೆ.

ಅಷ್ಟರಲ್ಲೇ ನರ್ಸಕ್ಕ ನೋಡಿಬಿಟ್ಟಿದ್ದರು. ಮೂವತ್ತು ವರ್ಷ ಐಸಿಯು ಮಾನಿಟರ್ ಕಾದ ಕಣ್ಣು!

"ತಮ್ಮಾ..." ಪಿಸುಗುಟ್ಟಿದರು. "ಪೇಷಂಟ್ ಉಸಿರಾಡ್ತಿದೆ."

"ಶ್‌! ಕೋರ್ಟಿಗೆ ಹದಿನೈದು ಪರ್ಸೆಂಟ್ ಬೇಕು."

ಏಳು... ಹನ್ನೊಂದು... ಟೋಪಿಯ ಅಂಚೆತ್ತಿ ನೋಡುತ್ತಿದ್ದೆ. ಆಚೆಯಿಂದ ಅವನೇ ಫೋನ್ ನೋಡಿ ಕೂಗಿದ. "ಹದಿನೆಂಟು! ಹೆಂಗ್ ಕುಡೀತಿದೆ ನೋಡು ನನ್ ಗಾಡಿ!"

ನರ್ಸಕ್ಕ ಕಿಟಕಿ ಇಳಿಸಿದರು. "ಅಪ್ಪಾ, ನನ್ನ ಬಿಪಿ ಮಾತ್ರೆ ಡಿಕ್ಕಿಯಲ್ಲಿದೆ."

"ತಗೊಳ್ಳಮ್ಮ. ನಂಗೂ ತಾಯಿ ಇದಾಳೆ."

"ಅವರನ್ನ ಮಾತ್ರ ನಮ್ಮಾಸ್ಪತ್ರೆಗೆ ಸೇರಿಸ್ಬೇಡಪ್ಪ."

ಅವನ ನಗು ಅರ್ಧಕ್ಕೇ ನಿಂತಿತು. ಅಕ್ಕ ಇಳಿದು ಹಿಂದಕ್ಕೆ ಹೋದರು. ಡಿಕ್ಕಿ ಮೇಲೆದ್ದು ಅವರನ್ನು ಮರೆಮಾಡಿತು. ಗನ್ ಬಿಡಿಸಿಕೊಳ್ಳಲಿ ಅಂತ ನಾನು ಕೀಯಲ್ಲಿ ಅನ್‌ಲಾಕ್ ಒತ್ತಿದೆ. ರೋಗಿಯ ತೋಳಿನಿಂದ ಸೂಜಿ ತೆಗೆದಷ್ಟೇ ನಾಜೂಕಾಗಿ ಅಕ್ಕ ಅದನ್ನು ಕಿತ್ತರು.

ಟಿಂಗ್!

‘ಚಾರ್ಜಿಂಗ್ ಮುಗಿದಿದೆ. ಧನ್ಯವಾದ.’

"ಇಷ್ಟು ಬೇಗ?" ಅವನು ತನ್ನ ಕಾರಿನತ್ತ ತಿರುಗಿದ.

ಡಿಕ್ಕಿ ಬಿತ್ತು. ಅಕ್ಕ ಒಳಗೆ. ನಾನು ತುಳಿದೆ!

ಢಂ! ಹಿಂದಿನ ಗಾಜು ಪುಡಿ ಪುಡಿ.

"ಅಕ್ಕಾ!"

"ಇದೀನಿ! ಓಡ್ಸು ತಮ್ಮಾ!"

ಕನ್ನಡಿಯಲ್ಲಿ ಕಪ್ಪು ಕಾರು ಬೆಳೆಯಿತು... ಇನ್ನೂ ಬೆಳೆಯಿತು... ಆಮೇಲೆ ತೆವಳಿತು. ರಸ್ತೆ ಬದಿಗೆ ಸರಿದು ನಿಂತಿತು. ಎರಡು ಪರ್ಸೆಂಟಿನಲ್ಲಿ ಯಾವ ನಂಬರ್ ಒನ್ ಎಷ್ಟು ದೂರ ಬಂದಾನು!

ಎರಡಕ್ಕೆ ಐದು ನಿಮಿಷ ಇರುವಾಗ ಕೋರ್ಟಿನ ಗೇಟು. ಅಕ್ಕನ ಕೂದಲ ತುಂಬ ಗಾಜಿನ ಚೂರು. ಅದನ್ನು ಕೊಡವುತ್ತ ಹೇಳಿದರು.

"ಒಳಗೆ ಹೋಗಿ ಎಲ್ಲ ಹೇಳ್ತೀನಿ. ಆಮೇಲೆ... ಮನೆಗೆ ಹೆಂಗ್ ಹೋಗ್ಲಿ ತಮ್ಮಾ?"

ಅವರ ಬದಿಯ ಬಾಗಿಲು ತೆರೆದೆ. ಅವರು ಹಿಂದಿರುಗಿ ನೋಡದೆ ಮೆಟ್ಟಿಲು ಹತ್ತಿದರು.

ಟೋಪಿ ಎತ್ತಿ ನೋಡಿದೆ. ಮತ್ತೆ ಅದೇ ಮೂರು ಪರ್ಸೆಂಟ್.

ಸಾಕ್ಷಿ ಬಂದ ಖರ್ಚು ಆರೋಪಿಯದಾಯಿತು... ವಾಪಸ್ ಹೋಗುವ ಖರ್ಚು ನನ್ನದು!